ಹೆಪ್ಪಿನ ಚರಿತ್ರೆ: ಹಾಲಿನ ಬ್ಯಾಕ್ಟೀರಿಯಾ ಆಯ್ದು ಉಣ್ಣುವ ಬಗೆ

ನಮ್ಮ ಜಾನಪದ ಅಧ್ಯಯನವು ಜುಂಜಪ್ಪನಂಥ ಪಶುಪಾಲಕ ವೀರರ ಕಾವ್ಯಗಳನ್ನು ಸಂಗ್ರಹಿಸಿತು. ಕಡಗೋಲು, ಗಡಿಗೆ, ನೆಲುವುಗಳನ್ನು ವಸ್ತುಸಂಗ್ರಹಾಲಯಗಳಿಗೆ ತಂದಿತು. ಗಡಿಗೆಯ ತಳದಲ್ಲಿ ಉಳಿದ ಹೆಪ್ಪಿನತ್ತ ಮಾತ್ರ ಅದರ ಗಮನ ಅಷ್ಟಾಗಿ ಹರಿಯಲಿಲ್ಲ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ, ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತ ಬಂದ ಈ ವಸ್ತುವೂ ಹಾಡು-ಕತೆಗಳಂತೆ ಪರಂಪರೆಯಿಂದಲೇ ಬದುಕಿದುದು. ಆ ದಾಟುವಿಕೆಯ ಚರಿತ್ರೆಯು ಹೆಪ್ಪಿನೊಳಗಿನ ಜೀವಿಯ ಆಹಾರಕ್ರಮದಲ್ಲಿ ಅಚ್ಚೊತ್ತಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುಳಿಯಾಗುವಿಕೆಯು ಜೀವಿಗಳ ಕ್ರಿಯೆಯೆಂದು ಲೂಯಿ ಪಾಶ್ಚರ್ 1857ರಲ್ಲಿ ಪ್ರತಿಪಾದಿಸಿದನು. 1870ರ ದಶಕದಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಹುಳಿಹಾಲಿನಿಂದ ಒಂದೇ ಬಗೆಯ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದನು. 1985ರಿಂದ ಅದಕ್ಕೆ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂದು ಹೆಸರು. ಮನೆಯ ಮೊಸರಿನಲ್ಲಿ ಅನೇಕ ಜಾತಿಯ ಬ್ಯಾಕ್ಟೀರಿಯಾಗಳಿರುತ್ತವೆ. ಆಹಾರಕ್ರಮದ ದೃಷ್ಟಿಯಿಂದ ಹೆಚ್ಚು ವಿವರವಾಗಿ ಅಭ್ಯಾಸಗೊಂಡದ್ದು ಇದು.

ಹಾಲಿನಲ್ಲಿ ಸಕ್ಕರೆಗೆ ಕೊರತೆಯಿಲ್ಲ. ಆದರೆ ಬಿಡಿಯಾಗಿ ದೊರೆಯುವ ಅಮೈನೊ ಆಮ್ಲಗಳು ಅತ್ಯಲ್ಪ. ಹಾಲಿನಲ್ಲಿ ನೆಲೆಗೊಂಡ ತಳಿಗಳಾದರೋ ಹಲವು ಅಮೈನೊ ಆಮ್ಲಗಳನ್ನು ಸ್ವತಃ ತಯಾರಿಸಲಾರವು. ಆದ್ದರಿಂದ ಅವು ಹಾಲಿನ ಪ್ರೋಟೀನಿನಲ್ಲಿ ಸುಮಾರು ಐದನೆಯ ನಾಲ್ಕು ಭಾಗವಾಗಿರುವ ಕೇಸೀನನ್ನು ಆಶ್ರಯಿಸುತ್ತವೆ. ಕೋಶದ ಹೊರಗೋಡೆಗೆ ಅಂಟಿಕೊಂಡ ಕಿಣ್ವವು ಕೇಸೀನನ್ನು ನೂರಕ್ಕೂ ಹೆಚ್ಚು ಬಗೆಯ ತುಣುಕುಗಳಾಗಿ ಕತ್ತರಿಸುತ್ತದೆ. ಈ ತುಣುಕುಗಳೇ ಪೆಪ್ಟೈಡ್‌ಗಳು. ಅವನ್ನು ಒಳಗೆ ಸಾಗಿಸುವ ವ್ಯವಸ್ಥೆ ಕೆಟ್ಟರೆ ಬ್ಯಾಕ್ಟೀರಿಯಾ ಹಾಲಿನಲ್ಲಿ ಬೆಳೆಯಲಾರದೆಂದು 1993ರ ಸಂಶೋಧನೆಯು ತೋರಿಸಿತು. ಆದರೆ ಎಲ್ಲ ತುಣುಕುಗಳಿಗೂ ಅಲ್ಲಿ ಸಮಾನ ಸ್ವಾಗತವಿಲ್ಲ. ಪೆಪ್ಟೈಡನ್ನು ಹಿಡಿದು ಒಳಗೊಪ್ಪಿಸುವ ಪ್ರೋಟೀನಿನ ರಚನೆಯನ್ನು ನೆದರ್ಲೆಂಡ್ಸಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ವಿದ್ವಾಂಸರು 2009ರಲ್ಲಿ ಪ್ರಕಟಿಸಿದರು. ಅದರ ಒಳಪೊಟರೆ ವಿಶಾಲವಾದುದು. ಗಿಡ್ಡ ತುಣುಕಿಗೂ ಉದ್ದ ತುಣುಕಿಗೂ ಅಲ್ಲಿ ಎಡೆಯುಂಟು. ಆದರೆ ಐಸೊಲ್ಯೂಸಿನ್ ಎಂಬ ಅಮೈನೊ ಆಮ್ಲವಿರುವ ತುಣುಕುಗಳ ಮೇಲೆ ಅದಕ್ಕೆ ವಿಶೇಷ ಒಲವು. ಅನೇಕ ತಳಿಗಳು ತಾವಾಗಿ ತಯಾರಿಸಿಕೊಳ್ಳಲಾರದ ಆಮ್ಲವಿದು, ಕೇಸೀನಿನಲ್ಲಿ ಧಾರಾಳವಾಗಿದೆ.

ಈ ಒಲವಿನ ಹಿಂದಿರುವ ಚರಿತ್ರೆಗೆ 2012ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಬೆಳಕು ಚೆಲ್ಲುತ್ತದೆ. ಹೆಸರುಕಾಳಿನ ಮೊಳಕೆಯಿಂದ ದೊರೆತ ಲ್ಯಾಕ್ಟೊಕಾಕಸ್ ತಳಿಯೊಂದನ್ನು ಹಾಲಿನಿಂದ ಹಾಲಿಗೆ ದಾಟಿಸುತ್ತ ಸುಮಾರು 1000 ಪೀಳಿಗೆಗಳವರೆಗೆ ಬೆಳೆಸಲಾಯಿತು. ಅಮೈನೊ ಆಮ್ಲಗಳನ್ನು ತಯಾರಿಸುವ ಅದರ ಕೆಲಸ ತಗ್ಗಿತು, ಪೆಪ್ಟೈಡ್ ಸಾಗಿಸುವ ಕೆಲಸ ಹೆಚ್ಚಿತು. ಪ್ರಯೋಗಾಲಯದಲ್ಲಿ ನಡೆದದ್ದು ಹೆಪ್ಪು ಹಾಕುವ ಕ್ರಿಯೆಯೇ ಅಲ್ಲದೆ ಬೇರೆಯಲ್ಲ. ಹೆಪ್ಪು ತೀರಿಹೋದಾಗ ಬೆಚ್ಚಗಿನ ಹಾಲಿಗೆ ಮೆಣಸಿನಕಾಯಿಯ ತೊಟ್ಟು ಹಾಕಿ ಮೊಸರು ಮಾಡುವ ನಮ್ಮ ರೂಢಿಯನ್ನು ಇಲ್ಲಿ ನೆನೆಯಬಹುದು. ಸಸ್ಯದಿಂದ ಹಾಲಿಗೆ ಬರುವ ದಾರಿ ಗೃಹಿಣಿಯರಿಗೆ ಅಪರಿಚಿತವಾಗಿರಲಿಲ್ಲ.

ಇನ್ನೊಂದು ಸಂಗತಿಯೂ ಸ್ವಾರಸ್ಯಕರ. ಕೇಸೀನ್ ಕತ್ತರಿಸುವ ಕಿಣ್ವದ ಜೀನು ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಬಿಡಿ ಎಳೆಯಲ್ಲಿದ್ದು ಸುಲಭವಾಗಿ ಕಳೆದುಹೋಗಬಲ್ಲದು. ಅದನ್ನು ಕಳೆದುಕೊಂಡ ಕೋಶಗಳು ನೆರೆಯವರು ಕತ್ತರಿಸಿದ ತುಣುಕುಗಳನ್ನೇ ಉಂಡು ಬದುಕುತ್ತವೆ. ಕಡ ತಂದ ಹೆಪ್ಪಿನೊಳಗೂ ಕಡದ ಬಾಳು!

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ನಂಬಿಕೆಯನ್ನು ನಾವು ನಿಷೇಧಗಳ ಪಟ್ಟಿಗೆ ಸೇರಿಸಿ ಸುಮ್ಮನಾಗಿದ್ದೇವೆ. ಪೊಟ್ಟಣದ ಮೊಸರು ಹಳ್ಳಿಗಳಿಗೂ ಬಂದಿರುವ ಈ ಕಾಲದಲ್ಲಿ, ಯಾವ ಮನೆಯ ಹೆಪ್ಪು ಯಾವ ಮನೆಯಿಂದ ಬಂದಿತು, ಮದುವೆಯಾಗಿ ಬಂದವಳು ತವರಿನ ಹೆಪ್ಪನ್ನು ತಂದಳೇ, ಎಂದು ಕಡಿದುಹೋಯಿತು ಎಂಬ ಪ್ರಶ್ನೆಗಳನ್ನು ವಯಸ್ಸಾದ ಹೆಂಗಸರಲ್ಲಿ ಕೇಳಿ ದಾಖಲಿಸುವ ಕೆಲಸ ಕ್ಷೇತ್ರಕಾರ್ಯದ ಪ್ರಶ್ನಾವಳಿಗೆ ಇನ್ನಾದರೂ ಸೇರಬೇಕು.