ಕೊಲಾಬಾದಿಂದ ಚೆಂಬೂರಿನವರೆಗೆ: ಗಣಕದ ಸೆಕೆಯ ಕಥೆ

ಮುಂಬಯಿಯ ಮೇ ತಿಂಗಳ ಸೆಕೆಯನ್ನು ಇಲ್ಲಿ ಸಂಸಾರ ಹೂಡಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನಲ್ಲಾದರೆ ಮಾವಿನ ಮರದ ನೆರಳುಂಟು, ಜಗಲಿಯುಂಟು; ಚೆಂಬೂರಿನ ಎರಡು ಕೋಣೆಯ ಮನೆಯಲ್ಲಿ ಫ್ಯಾನೇ ಗತಿ. ಮನುಷ್ಯರ ಪಾಡು ಹೀಗಿದ್ದರೆ ಯಂತ್ರದ ಪಾಡೇನು ಎಂದು ನಾವು ಯೋಚಿಸಿದವರಲ್ಲ. ಕಳೆದ ಬೇಸಗೆಯಲ್ಲಿ ಯೋಚಿಸಬೇಕಾಗಿ ಬಂತು.

ನಮ್ಮ ಅಣ್ಣನ ಮಗಳು ಊರಿನಿಂದ ಬಂದು ನಮ್ಮಲ್ಲಿದ್ದಾಳೆ. ಹೊಸ ನೌಕರಿ, ಇನ್ನೂ ಖಾಯಂ ಆಗಿರಲಿಲ್ಲ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪಿನ ಪರದೆ ಚಿಕ್ಕದಾಯಿತೆಂದು ಕಂತಿನ ಮೇಲೆ ಒಂದು ದೊಡ್ಡ ಮಾನಿಟರ್ ತಂದು ಜೋಡಿಸಿದಳು. ಅಂದಿನಿಂದ ತಾಪತ್ರಯ ಶುರುವಾಯಿತು. ಒಳಗಿನ ಫ್ಯಾನು ಒಂದೇ ಸಮನೆ ಕೂಗುವುದು, ಮೈ ದೋಸೆಕಾವಲಿಯಂತೆ ಕಾಯುವುದು, ಅಕ್ಷರ ಒತ್ತಿದರೆ ಮೂಡಲು ಕಾದು ಕೂರುವುದು. ಅಂಗಡಿಯವರೊಬ್ಬರು ನೋಡಿ, ಯಂತ್ರ ಹಳೆಯದಾಯಿತು, ಹೊಸತು ಕೊಳ್ಳಿ ಎಂದುಬಿಟ್ಟರು. “ಚಿಕ್ಕಪ್ಪಾ, ಮಾನಿಟರಿನ ಕಂತೇ ಇನ್ನೂ ಮುಗಿದಿಲ್ಲ. ಕೆಲಸ ಹೀಗೆ ನಿಧಾನವಾದರೆ ನನ್ನನ್ನು ಖಾಯಂ ಮಾಡುತ್ತಾರೆಯೇ?” ಎಂದು ಅವಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಬಿ.ಎಸ್ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ನಡುವೆ ವರ್ಷಗಳನ್ನು ಕಳೆದ ನಾವು, ಮರೆತುಹೋದ ಭೌತಶಾಸ್ತ್ರವನ್ನು ಮತ್ತೆ ನೆನಪಿಗೆ ತಂದುಕೊಂಡೆವು. ಹಾಗೆ ಹುಡುಕಹೊರಟಾಗ ಈ ಸೆಕೆಯ ಕಥೆ ನಮ್ಮ ಮುಂಬಯಿಯಲ್ಲೇ ಎಷ್ಟು ಹಳೆಯದೆಂದು ತಿಳಿಯಿತು.

ನಮ್ಮ ದೇಶದಲ್ಲೇ ರೂಪಿಸಿ ಕಟ್ಟಿದ ಮೊದಮೊದಲ ಗಣಕಯಂತ್ರಗಳಲ್ಲಿ ಮುಖ್ಯವಾದುದು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ‘ಟಿಫ್ರ್ಯಾಕ್’. ಆರ್. ನರಸಿಂಹನ್ ಅವರ ಮುಂದಾಳುತನದಲ್ಲಿ ಕೆಲವೇ ತರುಣರು ಕಟ್ಟಿದ ಈ ಯಂತ್ರ 1960ರಲ್ಲಿ ಕೆಲಸಕ್ಕೆ ನಿಂತಿತು. ಸಂಸ್ಥೆಯ ಕೊಲಾಬಾ ಕಟ್ಟಡದ ಉದ್ಘಾಟನೆಗೆ 1962ರಲ್ಲಿ ಪ್ರಧಾನಿ ನೆಹರೂ ಬಂದಾಗ ಅದಕ್ಕೆ ಆ ಹೆಸರು ಬಂತು. ಅದರಲ್ಲಿ ಸುಮಾರು 2,700 ವಾಲ್ವುಗಳಿದ್ದವು. ಹಿಂದಿನ ವಾಲ್ವ್ ರೇಡಿಯೋ ಕಂಡವರಿಗೆ ಗೊತ್ತು, ಹಾಡು ಹೊರಡುವ ಮೊದಲು ಪೆಟ್ಟಿಗೆ ಬೆಚ್ಚಗಾಗಬೇಕು. ಅಂಥ ಒಂದು ಸಣ್ಣ ವಾಲ್ವಿನ ಒಳತಂತಿ ಕಾಯುವುದಕ್ಕೇ ಸಾಮಾನ್ಯವಾಗಿ 2 ವ್ಯಾಟ್‌ನಷ್ಟು ವಿದ್ಯುತ್ತು ಬೇಕು. ಈ ಲೆಕ್ಕದಲ್ಲಿ 2,700 ವಾಲ್ವುಗಳೆಂದರೆ ಐದು ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಕೋಣೆಯಲ್ಲಿ ಹಗಲಿಡೀ ಉರಿಸಿದಂತೆ! ಅಮೆರಿಕದಲ್ಲಿ 1946ರಲ್ಲಿ ಲೋಕಕ್ಕೆ ಪರಿಚಯವಾದ ‘ಎನಿಯಾಕ್’ ಯಂತ್ರವಂತೂ ಸುಮಾರು 18,000 ವಾಲ್ವುಗಳಿಂದ 150 ಕಿಲೋವ್ಯಾಟ್ ನುಂಗುತ್ತಿತ್ತು.

ಇನ್ನೊಂದು ಸ್ವಾರಸ್ಯವಿದೆ. ಟಿಫ್ರ್ಯಾಕ್‌ಗೆ ಅಂಕಿ, ಅಕ್ಷರ, ರೇಖಾಚಿತ್ರಗಳನ್ನು ತೋರಿಸುವ ಒಂದು ಪರದೆಯನ್ನೂ ಜೋಡಿಸಿದ್ದರು. ಗಣಕಕ್ಕೆ ಹೊರಗಿನಿಂದ ಪರದೆ ಕಟ್ಟುವ ಯೋಚನೆ ನಮ್ಮ ಹುಡುಗಿಯ ಕಾಲದ್ದಲ್ಲ!

1964ರಲ್ಲಿ ಅದೇ ಸಂಸ್ಥೆಗೆ ಸಿ.ಡಿ.ಸಿ. 3600 ಎಂಬ ಟ್ರಾನ್ಸಿಸ್ಟರಿನ ಯಂತ್ರ ಬಂತು. ನಮ್ಮ ನೆರೆಯ ಟ್ರಾಂಬೆಯಲ್ಲಿ ರೂಪುಗೊಂಡ ಟಿ.ಡಿ.ಸಿ. 12 ಗಣಕ 1969ರಲ್ಲಿ ಹೊರಬಂತು. ಬಿಸಿಯನ್ನು ಪಳಗಿಸುವುದು ಟ್ರಾಂಬೆಗೆ ಹೊಸದೇನೂ ಆಗಿರಲಿಲ್ಲ. 1956ರ ಆಗಸ್ಟ್ 4ರಂದು ಅಲ್ಲಿ ಚಾಲನೆಗೊಂಡ ‘ಅಪ್ಸರಾ’ ಪರಮಾಣು ಸ್ಥಾವರ ಕೊಳದ ನೀರಿನಲ್ಲೇ ಮುಳುಗಿ ತನ್ನ ಕಾವನ್ನು ಬಿಟ್ಟುಕೊಡುತ್ತಿತ್ತು. ಯಂತ್ರ ದೊಡ್ಡದಿರಲಿ ಚಿಕ್ಕದಿರಲಿ ನಿಯಮ ಒಂದೇ: ಹುಟ್ಟಿದ ಕಾವಿಗೆ ಹೊರಹೋಗುವ ದಾರಿ ಬೇಕು.

ಟ್ರಾನ್ಸಿಸ್ಟರು ಚಿಕ್ಕದಾದಂತೆ ಅದು ತಿನ್ನುವ ವಿದ್ಯುತ್ತೂ ಕಡಿಮೆಯಾಗುತ್ತದೆ ಎಂದು ಐ.ಬಿ.ಎಂ.ನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟರು. ಮೂವತ್ತು ವರ್ಷ ಈ ಮಾತು ನಡೆಯಿತು. ಆದರೆ ವೇಗದ ಹುಚ್ಚು ಅದಕ್ಕಿಂತ ಮುಂದೋಡಿತು. 1993ರ ಪೆಂಟಿಯಮ್ ಬರುವ ಹೊತ್ತಿಗೆ ಚಿಪ್ಪಿನ ತಲೆಯ ಮೇಲೆ ಲೋಹದ ರೆಕ್ಕೆಗಳನ್ನೂ ಫ್ಯಾನನ್ನೂ ಕೂರಿಸಬೇಕಾಯಿತು. 2005ರ ಸುಮಾರಿಗೆ ಡೆನಾರ್ಡರ ಲೆಕ್ಕವೂ ಕೈಕೊಟ್ಟಿತು. ಕಾವನ್ನು ತಾಳಲಾರದೆ ತಯಾರಕರು ಒಂದೇ ಮಿದುಳನ್ನು ಓಡಿಸುವುದನ್ನು ಬಿಟ್ಟು, ಎರಡು ನಾಲ್ಕು ಮಿದುಳುಗಳಿಗೆ ಕೆಲಸ ಹಂಚತೊಡಗಿದರು. ಜತೆಗೆ ಚಿಪ್ಪು ತನ್ನ ಕಾವನ್ನು ತಾನೇ ಅಳೆದುಕೊಳ್ಳುತ್ತದೆ. ಕಾವು 95-100 ಡಿಗ್ರಿಯ ಹತ್ತಿರ ಬಂದರೆ ಸುಟ್ಟುಹೋಗದಂತೆ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಇಲ್ಲಿಗೆ ಬಂದಾಗ ನಮಗೆ ಬೆಳಕಾಯಿತು. ಹುಡುಗಿಯ ಯಂತ್ರಕ್ಕೆ ಮುಪ್ಪು ಬಂದಿರಲಿಲ್ಲ. ಅದು ಪ್ರಾಣ ಉಳಿಸಿಕೊಳ್ಳಲು ನಿಧಾನವಾಗುತ್ತಿತ್ತು. ಹಾಗಾದರೆ ಮಾನಿಟರ್ ಮಾಡಿದ್ದೇನು? 1920ಕ್ಕೆ 1080ರ ಸಾಮಾನ್ಯ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕೆಗಳು. ‘ಫೋರ್-ಕೆ’ ಪರದೆಯಲ್ಲಿ ಅದರ ನಾಲ್ಕು ಪಾಲು. ಇವನ್ನು ಸೆಕೆಂಡಿಗೆ 60 ಸಲವೋ 144 ಸಲವೋ ಕಳುಹಿಸುತ್ತಿರಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಹೊರಪರದೆಯ ತಂತಿ ನೇರವಾಗಿ ದೊಡ್ಡ ಚಿತ್ರಚಿಪ್ಪಿಗೆ ಸೇರುವುದರಿಂದ ಅದಕ್ಕೆ ನಿದ್ದೆಯೇ ಇಲ್ಲ. ಇನ್ನು ಕೆಲವು ಯು.ಎಸ್.ಬಿ. ಅಡಾಪ್ಟರುಗಳು ಚಿತ್ರ ಕಟ್ಟುವ ಹೊರೆಯನ್ನು ಮುಖ್ಯ ಚಿಪ್ಪಿನ ಮೇಲೇ ಹೇರುತ್ತವೆ.

ನಾವು ಒಂದೊಂದಾಗಿ ನೋಡಿದೆವು. ಮಾನಿಟರ್ ಕಿತ್ತು ಹತ್ತು ನಿಮಿಷ, ಜೋಡಿಸಿ ಹತ್ತು ನಿಮಿಷ, ಟಾಸ್ಕ್ ಮ್ಯಾನೇಜರಿನಲ್ಲಿ ವೇಗ ಬರೆದುಕೊಂಡೆವು. ಜೋಡಿಸಿದಾಗ ವೇಗ ಅರ್ಧಕ್ಕಿಂತ ಕೆಳಗೆ ಬೀಳುತ್ತಿತ್ತು. ನಮ್ಮ ಹುಡುಗಿ ಜಾಗ ಸಾಲದೆಂದು ಯಂತ್ರದ ಮುಚ್ಚಳ ಹಾಕಿ, ಕಸೂತಿ ಬಟ್ಟೆ ಹಾಸಿದ ಕಪಾಟಿನೊಳಗೆ ಇಟ್ಟಿದ್ದಳು. ಅಡಿಯಿಂದ ಗಾಳಿ ಇಲ್ಲ, ಕೀಲಿಮಣೆಯ ಕಡೆಯಿಂದಲೂ ಇಲ್ಲ. ಅದನ್ನು ಹೊರತಂದು ಎರಡು ಮರದ ತುಂಡುಗಳ ಮೇಲಿಟ್ಟು ಮುಚ್ಚಳ ತೆರೆದೆವು. ಬಲ್ಲವರಿಂದ ಫ್ಯಾನಿನ ಧೂಳು ತೆಗೆಸಿದೆವು. ಹತ್ತಿಯಂಥ ಮುದ್ದೆಯೇ ಹೊರಬಂತು. ಒಣಗಿದ ಲೇಪವನ್ನು ಬದಲಿಸಿದರು. ಪರದೆಯ 144 ಅನ್ನು 60ಕ್ಕೆ ಇಳಿಸಿದೆವು. ಎಲ್ಲಾ ಸೇರಿ ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ಪವಾಡವೇನೂ ನಡೆಯಲಿಲ್ಲ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಅದು ಈಗಲೂ ಏದುಸಿರು ಬಿಡುತ್ತದೆ, ನಾವೂ ಬಿಡುತ್ತೇವೆ. ಆದರೆ ಕೆಲಸ ನಿಲ್ಲಲಿಲ್ಲ. ಆಗಸ್ಟಿನಲ್ಲಿ ಹುಡುಗಿಯ ನೌಕರಿ ಖಾಯಂ ಆಯಿತು. ಆ ದಿನ ಮನೆಯಲ್ಲಿ ಹಯಗ್ರೀವ ಮಾಡಿದ್ದೆವು.

ನಿಧಾನವಾದದ್ದನ್ನೆಲ್ಲ ಹಳೆಯದೆಂದು ಎಸೆಯುವ ಮೊದಲು, ಅದಕ್ಕೆ ಉಸಿರಾಡಲು ಎಡೆಯಿದೆಯೇ ಎಂದು ನೋಡುವುದು ಒಳ್ಳೆಯದು. ಕೊಲಾಬಾದಲ್ಲೋ ಟ್ರಾಂಬೆಯಲ್ಲೋ ಆ ಹಳೆಯ ಗಣಕಗಳ ಜತೆ ದುಡಿದ ಹಿರಿಯ ಕನ್ನಡಿಗರು ನಮ್ಮ ನಡುವೆ ಇದ್ದರೆ, ತಮ್ಮ ನೆನಪುಗಳನ್ನು ಈ ಪುಟಗಳಿಗೆ ಬರೆದು ಕಳುಹಿಸಬೇಕೆಂದು ನಮ್ಮ ಸವಿನಯ ಬಿನ್ನಹ.