ಹಗ್ಗದ ಎರಡು ತುದಿಗಳು

1938ರ ಫೆಬ್ರವರಿ 6, ಭಾನುವಾರ. ಆಸ್ಟ್ರೇಲಿಯಾದ ಸಿಡ್ನಿ ನಗರದ ಬಾಂಡೈ ಕಡಲತೀರ. ಅಲ್ಲಿ ಅದು ಬೇಸಗೆ. ರಜೆಯ ದಿನವಾದ್ದರಿಂದ ಸಾವಿರಾರು ಜನ ನೆರೆದಿದ್ದರು. ದಡದಿಂದ ಸ್ವಲ್ಪ ಒಳಗೆ ನೀರಿನಡಿ ಒಂದು ಮರಳದಿಬ್ಬವಿತ್ತು. ಅದರ ಮೇಲೆ ನಿಂತು ನೂರಾರು ಜನ ಅಲೆಗಳಲ್ಲಿ ಆಡುತ್ತಿದ್ದರು. ಮಧ್ಯಾಹ್ನ ಮೂರರ ಸುಮಾರಿಗೆ ದೊಡ್ಡ ಅಲೆಗಳು ಒಂದರ ಬೆನ್ನಿಗೆ ಒಂದು ಬಂದವು. ಮೊದಲನೆಯದರ ನೀರು ಇಳಿಯುವ ಮುನ್ನವೇ ಮುಂದಿನದು ಮೇಲೆ ಬಿತ್ತು. ದಡಕ್ಕೇರಿದ ಅಷ್ಟೂ ನೀರು ಒಮ್ಮೆಲೇ ಹಿಂದಕ್ಕೆ ಹರಿದಾಗ ದಿಬ್ಬದ ಮೇಲಿದ್ದವರಿಗೆ ಕಾಲೂರಲು ನೆಲವೇ ಸಿಗಲಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಆಳದ ನೀರಿಗೆ ಸೆಳೆದುಹೋದರು.

ಆ ದಿನವನ್ನು ಆಸ್ಟ್ರೇಲಿಯಾದವರು ‘ಕರಾಳ ಭಾನುವಾರ’ ಎಂದು ನೆನೆಯುತ್ತಾರೆ. ಐದು ಜನ ಸತ್ತರು. ಸುಮಾರು 250 ಜನರನ್ನು ಜೀವರಕ್ಷಕರು ದಡಕ್ಕೆ ತಂದರು. ಅವರಲ್ಲಿ ಹಲವರಿಗೆ ಪ್ರಜ್ಞೆಯೇ ಇರಲಿಲ್ಲ. ಈ ಕಥೆಯನ್ನು ಸಾಮಾನ್ಯವಾಗಿ ಸಾಹಸದ ಕಥೆಯಾಗಿ ಹೇಳುತ್ತಾರೆ. ಸಾಹಸ ಇದ್ದದ್ದು ನಿಜ. ಆದರೆ ಆ ಮಧ್ಯಾಹ್ನವನ್ನು ಅರ್ಥ ಮಾಡಿಕೊಳ್ಳಲು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಸಿಡ್ನಿಯಲ್ಲಿ ಹಗಲು ಹೊತ್ತು ಬಯಲು ಕಡಲಿನಲ್ಲಿ ಮೀಯುವುದು ಕಾನೂನಿಗೆ ವಿರುದ್ಧವಾಗಿತ್ತು. ಕಾರಣ ಅಪಾಯವಲ್ಲ, ಮರ್ಯಾದೆ. 1902ರಲ್ಲಿ ಮ್ಯಾನ್ಲಿ ಎಂಬ ಕಡಲೂರಿನ ಪತ್ರಿಕಾ ಸಂಪಾದಕ ವಿಲಿಯಂ ಗೋಚರ್, ತಾನು ನಡುಹಗಲಲ್ಲೇ ನೀರಿಗಿಳಿಯುವುದಾಗಿ ತನ್ನ ಪತ್ರಿಕೆಯಲ್ಲಿ ಸಾರಿ, ಹಾಗೆಯೇ ಇಳಿದ. ಮರುವರ್ಷ ಅಲ್ಲಿನ ಪುರಸಭೆ, ಕುತ್ತಿಗೆಯಿಂದ ಮೊಣಕಾಲಿನವರೆಗೆ ಮೈ ಮುಚ್ಚುವ ಉಡುಪು ತೊಟ್ಟರೆ ಸಾಕು ಎಂದು ಹಗಲು ಸ್ನಾನಕ್ಕೆ ಒಪ್ಪಿಗೆ ಕೊಟ್ಟಿತು. ನಿರ್ಬಂಧ ಸಡಿಲಿದ ಮೇಲೆ ಜನ ಕಡಲಿಗೆ ಮುಗಿಬಿದ್ದರು. ಅವರಲ್ಲಿ ಹೆಚ್ಚಿನವರಿಗೆ ಈಜು ಬರುತ್ತಿರಲಿಲ್ಲ. ಬಂದವರಿಗೂ ಕಡಲಿನ ಸೆಳವು ಗೊತ್ತಿರಲಿಲ್ಲ. ದಡಕ್ಕೆ ಬಂದ ನೀರು ಮರಳದಿಬ್ಬಗಳ ನಡುವಿನ ತಗ್ಗಿನಲ್ಲಿ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ, ನೋಡುವವರಿಗೆ ಅದೇ ಶಾಂತವಾದ ಜಾಗವಾಗಿ ಕಾಣುತ್ತದೆ. ಹೊಸಬರು ಅಲ್ಲಿಗೇ ಇಳಿಯುತ್ತಾರೆ.

ಜೀವರಕ್ಷಕರ ಸಂಘಗಳು ಹುಟ್ಟಿದ್ದು ಈ ಅಗತ್ಯದಿಂದ. ಬಾಂಡೈ ಸಂಘ ಶುರುವಾದದ್ದು 1907ರಲ್ಲಿ. ಸದಸ್ಯರೆಲ್ಲ ಸ್ವಯಂಸೇವಕರು. ವಾರವಿಡೀ ತಮ್ಮ ತಮ್ಮ ಕೆಲಸ ಮಾಡಿ, ಭಾನುವಾರ ಸಂಬಳವಿಲ್ಲದೆ ಕಡಲು ಕಾಯುತ್ತಿದ್ದರು. ಅದೇ ವರ್ಷದ ಜನವರಿಯಲ್ಲಿ ಬಾಂಡೈಯಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನನ್ನು ನೀರಿನಿಂದ ಎತ್ತಿ ಉಳಿಸಿದ್ದರು. ಅವನ ಹೆಸರು ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್. 1928ರಲ್ಲಿ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಪೆಸಿಫಿಕ್ ಸಾಗರವನ್ನು ವಿಮಾನದಲ್ಲಿ ಮೊದಲು ದಾಟಿದ ತಂಡದ ನಾಯಕ ಅವನೇ. ಎತ್ತಿದವರಿಗೆ ತಾವು ಯಾರನ್ನು ಎತ್ತುತ್ತಿದ್ದೇವೆಂದು ತಿಳಿದಿರಲಿಲ್ಲ. ಈ ಕೆಲಸದಲ್ಲಿ ಅದು ತಿಳಿಯಬೇಕಾಗಿಯೂ ಇಲ್ಲ.

ಅವರ ಮುಖ್ಯ ಸಾಧನ ಒಂದು ರಾಟೆ. 1906ರ ಕೊನೆಗೆ ಬಾಂಡೈಯಲ್ಲೇ ಅದರ ಮೊದಲ ಪ್ರದರ್ಶನ ನಡೆಯಿತು. ಮರದ ಚೌಕಟ್ಟಿನಲ್ಲಿ ದೊಡ್ಡ ಉರುಳೆ, ಅದಕ್ಕೆ ಸುತ್ತಿದ ಉದ್ದನೆಯ ಹಗ್ಗ, ಹಗ್ಗದ ತುದಿಗೆ ಒಂದು ಪಟ್ಟಿ. ಪಟ್ಟಿ ಕಟ್ಟಿಕೊಂಡವನು ಈಜಿ ಹೋಗಿ ಮುಳುಗುತ್ತಿರುವವರನ್ನು ಹಿಡಿದು ಕೈ ಎತ್ತಿದರೆ, ದಡದವರು ಇಬ್ಬರನ್ನೂ ಎಳೆದುಕೊಳ್ಳಬೇಕು. ಕೇಳಲು ಸರಳ. ಆದರೆ ನಿಧಾನವಾಗಿ ಎಳೆದರೆ ಹೊತ್ತು ಮೀರುತ್ತದೆ. ಅವಸರದಲ್ಲಿ ಎಳೆದರೆ ಪಟ್ಟಿ ಕಟ್ಟಿಕೊಂಡವನೇ ನೀರಿನಡಿ ಸಿಕ್ಕಿಬೀಳುತ್ತಾನೆ. ನೀರಿಗಿಳಿದವನ ಉಸಿರು ದಡದಲ್ಲಿ ನಿಂತವರ ಕೈಯಲ್ಲಿರುತ್ತಿತ್ತು. ಆದ್ದರಿಂದ ಅವರ ತರಬೇತಿಯಲ್ಲಿ ಈಜಿನಷ್ಟೇ ಕವಾಯತಿಗೂ ಮಹತ್ವವಿತ್ತು. 1910ರಿಂದ ಪರೀಕ್ಷೆಯಲ್ಲಿ ಗೆದ್ದವರಿಗೆ ಕಂಚಿನ ಪದಕ ಕೊಡುವ ಪದ್ಧತಿ ಬಂತು. ಅದು ಅಲಂಕಾರಕ್ಕಲ್ಲ, ‘ಇವನ ಕೈಗೆ ಹಗ್ಗ ಕೊಡಬಹುದು’ ಎಂಬುದಕ್ಕೆ ಗುರುತು.

ಈಗ ಮತ್ತೆ ಆ ಭಾನುವಾರಕ್ಕೆ ಬರೋಣ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತೇವೆ. ಬಾಂಡೈಯಲ್ಲಿ ಮುಳುಗುತ್ತಿದ್ದವರ ಕೈಗೆ ಹಗ್ಗವೇ ಸಿಕ್ಕಿತು. ಗಾಬರಿಗೊಂಡವರು ಗುಂಪುಗುಂಪಾಗಿ ಅದಕ್ಕೆ ಜೋತುಬಿದ್ದರು. ಉಳಿಸಲು ಹೋದವರ ಮೇಲೆಯೇ ಭಾರ ಬಿತ್ತು. ಒಬ್ಬರನ್ನು ತರಲು ಮಾಡಿದ ಸಾಧನ ನೂರಾರು ಜನರ ಮುಂದೆ ಸೋಲತೊಡಗಿತು. ಆಗ ಅಲೆಹಲಗೆ, ದೋಣಿ, ಬರಿಗೈ ಯಾವುದು ಒದಗಿತೋ ಅದರಿಂದ ಜನರನ್ನು ತಂದರು. ದಡದಲ್ಲಿ ಇನ್ನೊಂದು ಕೆಲಸ ಕಾದಿತ್ತು. ಬಾಯಿಗೆ ಬಾಯಿಟ್ಟು ಉಸಿರೂದುವ ಕ್ರಮ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಬೋರಲು ಮಲಗಿಸಿ, ಬೆನ್ನನ್ನು ಲಯಬದ್ಧವಾಗಿ ಒತ್ತಿ ಬಿಟ್ಟು ಉಸಿರು ಮರಳಿಸಬೇಕಿತ್ತು. ಮರಳಿನ ಮೇಲೆ ಸಾಲಾಗಿ ಮಲಗಿಸಿದವರ ಬೆನ್ನಿನ ಮೇಲೆ ಆ ಕೈಗಳು ಬಹಳ ಹೊತ್ತು ಏರಿ ಇಳಿದವು.

ಇಲ್ಲಿ ಮರೆಯಬಾರದ ಒಂದು ಸಂಗತಿಯಿದೆ. ಆ ಹೊತ್ತಿಗೆ ಬಾಂಡೈಯಲ್ಲಿ ಸುಮಾರು 80 ಜೀವರಕ್ಷಕರಿದ್ದರು. ಸಾಮಾನ್ಯ ದಿನ ಅಷ್ಟು ಮಂದಿ ಇರುತ್ತಿರಲಿಲ್ಲ. ಸಂಘದೊಳಗಿನ ಸ್ಪರ್ಧೆಯೊಂದಕ್ಕಾಗಿ ಅವರು ಸೇರಿದ್ದರು. ಪಾಳಿಯ ಮಂದಿ ಮಾತ್ರ ಇದ್ದಿದ್ದರೆ ಐದರ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತೋ. ಅವರಿಗೆ ಕೌಶಲವಿತ್ತು, ಧೈರ್ಯವಿತ್ತು. ಅಂದು ಅದೃಷ್ಟವೂ ಇತ್ತು. ಹೊಗಳಿಕೆಯಲ್ಲಿ ಅದೃಷ್ಟದ ಪಾಲು ಮರೆತುಹೋಗುತ್ತದೆ. ಧೀರರಿದ್ದಾರೆ ಎಂಬ ನೆಮ್ಮದಿಯಲ್ಲಿ, ಎಷ್ಟು ಜನ ಇರಬೇಕು, ಏನೇನು ಸಾಧನ ಬೇಕು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಮುಂದೆ ಎಷ್ಟೋ ಬದಲಾಯಿತು. 1960ರಲ್ಲಿ ಸಿಡ್ನಿಯಲ್ಲೇ ನಡೆದ ಅಂತಾರಾಷ್ಟ್ರೀಯ ಸಮಾವೇಶ ಬಾಯಿಗೆ ಬಾಯಿಟ್ಟು ಉಸಿರೂದುವ ಕ್ರಮವನ್ನು ಶಿಫಾರಸು ಮಾಡಿತು. 1980ರಲ್ಲಿ ಹೆಂಗಸರಿಗೂ ಪಹರೆಯ ಪೂರ್ಣ ಸದಸ್ಯತ್ವ ದೊರೆಯಿತು. ಅಲ್ಲಿಯವರೆಗೆ ಅರ್ಧ ಜನರನ್ನು ದಡದಲ್ಲೇ ನಿಲ್ಲಿಸಲಾಗಿತ್ತು. ಗಾಳಿ ತುಂಬಿದ ಮೋಟಾರು ದೋಣಿಗಳು ಬಂದ ಮೇಲೆ ರಾಟೆ ಪ್ರದರ್ಶನದ ವಸ್ತುವಾಯಿತು. ಉಳಿದದ್ದು ನೋಡುವ ಕೆಲಸ. ಸೆಳವು ಎಲ್ಲಿದೆಯೆಂದು ಬೆಳಿಗ್ಗೆಯೇ ಗುರುತಿಸಿ, ಕೆಂಪು-ಹಳದಿ ಬಾವುಟಗಳನ್ನು ನೆಟ್ಟು, ‘ಇವುಗಳ ನಡುವೆ ಮಾತ್ರ’ ಎಂದು ದಿನವಿಡೀ ಹೇಳುವುದು. ಇದು ಸರಿಯಾಗಿ ನಡೆದ ದಿನ ಸುದ್ದಿಯಾಗುವಂಥದ್ದು ಏನೂ ನಡೆಯುವುದಿಲ್ಲ. ಜೀವರಕ್ಷಕನ ಒಳ್ಳೆಯ ದಿನಗಳು ಯಾವ ಚರಿತ್ರೆಯಲ್ಲೂ ದಾಖಲಾಗಿಲ್ಲ.

ನಮ್ಮ ಗೋಕರ್ಣ, ಮುರುಡೇಶ್ವರ, ಮಲ್ಪೆಯ ದಡಗಳಲ್ಲಿಯೂ ಸೀಟಿ ಊದುವವರಿದ್ದಾರೆ. ಬಯಲುಸೀಮೆಯಿಂದ ಪ್ರವಾಸ ಬಂದ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಅದು ಮೊದಲ ಸಮುದ್ರ. ಮೊಣಕಾಲುದ್ದದ ನೀರಿನಲ್ಲಿ ನಿಂತವರಿಗೆ ಆ ಸೀಟಿ ಸಂಭ್ರಮ ಕೆಡಿಸುವ ಸದ್ದಾಗಿ ಕೇಳುತ್ತದೆ. ಬಾಂಡೈಯ ದಿಬ್ಬದ ಮೇಲಿದ್ದವರೂ ನೆಲ ಕಾಲಿಗೆ ಸಿಗುತ್ತಿದೆ ಎಂಬ ಧೈರ್ಯದಲ್ಲೇ ನಿಂತಿದ್ದರು. ಈಗ ರಾಟೆಯೂ ಇಲ್ಲ, ಹಗ್ಗವೂ ಇಲ್ಲ. ಆದರೆ ಹಗ್ಗಕ್ಕಿದ್ದ ಎರಡು ತುದಿಗಳು ಇವತ್ತಿಗೂ ಇವೆ. ಒಂದನ್ನು ಕಾಯುವವನು ಹಿಡಿದಿದ್ದಾನೆ. ಸೀಟಿ ಕೇಳಿ ಹಿಂದಕ್ಕೆ ಬರುವುದು, ಇನ್ನೊಂದನ್ನು ನಾವು ಹಿಡಿಯುವ ಬಗೆ.