ಮಕ್ಕಳಿರುವ ಮನೆಗೆ ಯಾವ ತಳಿಯ ನಾಯಿ?

ಮಕ್ಕಳ ಹಟಕ್ಕೆ ಮಣಿದು ನಾಯಿಮರಿ ತರುವವರು ಸಾಮಾನ್ಯವಾಗಿ ಅದರ ಅಂದಕ್ಕೇ ಮಾರುಹೋಗುತ್ತಾರೆ. ಬೆಳೆದ ಮೇಲೆ ಅದರ ತೂಕವೆಷ್ಟು, ದಿನಕ್ಕೆಷ್ಟು ಓಟ ಬೇಕು, ಮಗು ಬಾಲ ಎಳೆದರೆ ಎಷ್ಟು ಸಹಿಸೀತು ಎಂಬುದನ್ನು ಮೊದಲು ವಿಚಾರಿಸಬೇಕು.

ಲ್ಯಾಬ್ರಡಾರ್ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಘಾಸಿಯಾಗದಂತೆ ಹೊತ್ತು ತರಲೆಂದು ಬೆಳೆಸಿದ ತಳಿಯಾದ್ದರಿಂದ ಅದರ ಹಿಡಿತ ಮೃದು, ಸ್ವಭಾವವೂ ಸೌಮ್ಯ. ಆದರೆ 30 ಕಿಲೋ ಮುಟ್ಟುವ ಈ ಪ್ರಾಣಿ ಪ್ರೀತಿಯಿಂದ ಮೈಮೇಲೆ ಹಾರಿದರೂ ಎರಡು ವರ್ಷದ ಕೂಸು ನೆಲಕ್ಕುರುಳುತ್ತದೆ. ಮೇಲಾಗಿ ಇದು ತಿಂಡಿಪೋತ. ವ್ಯಾಯಾಮ ತಪ್ಪಿದರೆ ಬೊಜ್ಜು, ಕೀಲುನೋವು ತಪ್ಪಿದ್ದಲ್ಲ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಸಂಗತಿ ಬೇರೆ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಈ ತಳಿ, ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆನಾಯಿ. ಮನೆಯವರಿಗೆ ನಿಷ್ಠೆ ತೋರಿದರೂ ಅಪರಿಚಿತರನ್ನು ಸುಲಭವಾಗಿ ಹತ್ತಿರ ಬಿಟ್ಟುಕೊಳ್ಳದು. ತೋಟದ ಮನೆಯ ದೊಡ್ಡ ಮಕ್ಕಳಿಗೆ ಉತ್ತಮ ಸಂಗಾತಿಯಾಗುವ ಮುಧೋಳಕ್ಕೆ ಅಪಾರ್ಟ್‌ಮೆಂಟಿನ ಬಾಲ್ಕನಿ ಸೆರೆಮನೆಯೇ ಸರಿ.

ಗಾತ್ರ ಚಿಕ್ಕದೆಂದು ಪೊಮೆರೇನಿಯನ್ ತರುವವರೂ ಉಂಟು. ಪುಟ್ಟ ಮಗುವಿನ ಒರಟು ಅಪ್ಪುಗೆಯಿಂದ ನೋವಾದಾಗ ಇಂಥ ನಾಯಿ ಬೇಗ ಕಚ್ಚಬಹುದು.

ತಳಿ ಯಾವುದೇ ಇರಲಿ, ಎಂಟು ವಾರ ತುಂಬುವ ಮುನ್ನ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಬೇಕು. ಚಿಕ್ಕ ಮಗುವನ್ನು ನಾಯಿಯೊಡನೆ ಒಂಟಿಯಾಗಿ ಬಿಡಲಾಗದು, ಅದು ಉಣ್ಣುವಾಗಲಂತೂ ಖಂಡಿತ ಸಲ್ಲದು. ಅಕಸ್ಮಾತ್ ಹಲ್ಲು ತಾಗಿದರೆ, ಮನೆಯ ನಾಯಿಯೇ ತಾನೆ ಎಂದು ತಡಮಾಡದೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಿಗೆ ತೋರಿಸಬೇಕು.